ಮೂವತ್ತಾರು ನಂಬರಿನ ಕಾಲು

ಬೀಗಿತ್ತಿ ಹಾಲಿದಾ ಚಹಾದ ಬಟ್ಟಲನ್ನು ಕೆಳಗಿಟ್ಟು, ಏನೋ ಸಣ್ಣ ವಿಷಯವೆಂಬಂತೆ ಕೇಳಿದಳು:

"ಬೀಗ್ರೇ, ನಿಮ್ಮ ಮನೆ ಹಿರೇರ ಜೋಡಿನ ನಂಬರ್ ಎಷ್ಟು ಅಂತ ಹೇಳ್ಬಿಡಿ. ಉಡುಗೊರೆಗೆ ತರಬೇಕಲ್ಲ."

ರೊಟ್ಟಿ ಮುರಿಯುತ್ತಿದ್ದ ಮಸ್ತೂರಾಳ ಕೈ ಅಲ್ಲೇ ನಿಂತಿತು. ಹಿರಿಯರೆಂದರೆ ಅವಳ ಗಂಡನ ಅಕ್ಕ ಖೋಸಿಯತ್. ಅವರ ಊರು ಮರ್ಗಿಲಾನಿನಲ್ಲಿ ಮದುವೆಯ ಮಾರನೆ ಬೆಳಿಗ್ಗೆ ಹೆಣ್ಣಿನ ಕಡೆಯವರು ಗಂಡಿನ ಮನೆಯ ಹಿರಿಯ ಹೆಂಗಸಿಗೆ ತಲೆಯಿಂದ ಕಾಲಿನವರೆಗೆ ಹೊಸದನ್ನು ತೊಡಿಸಬೇಕು: ರುಮಾಲು, ರೇಷ್ಮೆ ನಿಲುವಂಗಿ, ಜೋಡು. ಅದನ್ನೆಲ್ಲ ತೊಟ್ಟುಕೊಂಡೇ ಆ ಹಿರಿಯಳು ಅಂಗಳದಲ್ಲಿ ನಿಂತು ಹೊಸ ಸೊಸೆಯ ಸಲಾಮು ಸ್ವೀಕರಿಸಬೇಕು. ಸಲಾಮಿನ ಹಾಡು ಮುಗಿಯುವ ತನಕ ಸೊಸೆಯೂ ಕೂರುವಂತಿಲ್ಲ, ಹಿರಿಯಳೂ ಕೂರುವಂತಿಲ್ಲ.

"ಮೂವತ್ತಾರು," ಎಂದಳು ಮಸ್ತೂರಾ.

"ಈ ವಯಸ್ಸಲ್ಲೂ ಮೂವತ್ತಾರಾ?"

"ನಾನು ಹೇಳ್ತಿರೋ ಮಾತಲ್ಲ ಇದು. ಅವರೇ ಹೇಳ್ಕೊಳ್ಳೋದು. ನಮ್ಮ ಮೊಹಲ್ಲಾದಲ್ಲಿ ಯಾರನ್ನ ಬೇಕಾದ್ರೂ ಕೇಳಿ ನೋಡಿ."

ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಯಾರ ಮನೆಯ ಸಮಾರಂಭವಾದರೂ ಸರಿ, ಪಲಾವಿನ ತಟ್ಟೆ ಬರುವುದರೊಳಗೆ ಖೋಸಿಯತ್ ತನ್ನ ಕಾಲಿನ ಮಾತು ತೆಗೆಯುತ್ತಿದ್ದಳು. ಹದಿನೈದಕ್ಕೆ ಮೂವತ್ತಾರು ನಂಬರ್, ಎಪ್ಪತ್ತಕ್ಕೂ ಮೂವತ್ತಾರೇ. ಕಾಲು ಸಣ್ಣದಿದ್ದವಳು ಒಳ್ಳೆ ಮನೆತನದವಳು, ಮಿಕ್ಕವರೆಲ್ಲ ಹೊಲದಲ್ಲಿ ಹತ್ತಿ ಬಿಡಿಸಲು ಹುಟ್ಟಿದವರು. ಹೀಗೆ ಹೇಳುವಾಗ ಅವಳ ಕಣ್ಣು ನೇರವಾಗಿ ಮಸ್ತೂರಾಳ ಕಾಲಿಗೆ ಬೀಳುತ್ತಿತ್ತು.

ಮಸ್ತೂರಾಳ ಕಾಲನ್ನು ನೋಡಿದರೆ ಯಾರಿಗಾದರೂ ಅಯ್ಯೋ ಅನಿಸಬೇಕು. ಎರಡೂ ಪಾದದಲ್ಲಿ ಹೆಬ್ಬೆರಳ ಬುಡದ ಮೂಳೆ ಹೊರಗೆ ಉಬ್ಬಿ ಗಂಟಾಗಿತ್ತು. ಹೆಬ್ಬೆರಳು ತನ್ನ ಜಾಗ ಬಿಟ್ಟು ಪಕ್ಕದ ಬೆರಳಿನ ಮೇಲೆ ಏರಿ ಮಲಗಿತ್ತು. ಸಂಜೆಯಾದರೆ ಆ ಗಂಟು ಕೆಂಪಗಾಗಿ ಉರಿಯುತ್ತಿತ್ತು. ಆಸ್ಪತ್ರೆಯ ವೈದ್ಯೆ, "ನಿಮ್ಮ ತಾಯಿಗೂ ಇತ್ತಾ? ಇದು ವಂಶದಲ್ಲಿ ಬರುತ್ತೆ" ಎಂದಾಗ ಮಸ್ತೂರಾ ಚೀಲ ಎತ್ತಿಕೊಂಡು ಎದ್ದು ಬಂದಿದ್ದಳು. ಸತ್ತ ತಾಯಿಯ ಮೇಲೆ ಇದನ್ನು ಹೊರಿಸಲು ಅವಳು ತಯಾರಿರಲಿಲ್ಲ. ತನ್ನ ಕಾಲು ಕೆಡಿಸಿದವಳು ಯಾರೆಂದು ಅವಳಿಗೆ ಗೊತ್ತಿತ್ತು. ಆಕೆ ಪಕ್ಕದ ಓಣಿಯಲ್ಲೇ ಗುಂಡುಕಲ್ಲಿನ ಹಾಗೆ ಇದ್ದಳು.

ಮಸ್ತೂರಾ ಮದುವೆಯಾಗಿ ಬಂದ ಕಾಲಕ್ಕೆ ಖೋಸಿಯತ್ ಸರ್ಕಾರಿ ದೊಡ್ಡಂಗಡಿಯ ಜೋಡಿನ ವಿಭಾಗದಲ್ಲಿ ಮಾರಾಟಗಾರ್ತಿಯಾಗಿದ್ದಳು. ಆಗ ಅದು ಮಂತ್ರಿಗಿರಿಗಿಂತ ಕಡಿಮೆಯ ಕೆಲಸವಲ್ಲ. ಹೊರದೇಶದ ಜೋಡು ಬಂತೆಂದರೆ ಬೀದಿಯ ತುದಿಯವರೆಗೆ ಸಾಲು ನಿಲ್ಲುತ್ತಿತ್ತು. ಸಿಕ್ಕ ನಂಬರನ್ನೇ ಕೊಂಡು, ದೊಡ್ಡದಾದರೆ ಹತ್ತಿ ತುರುಕಿ, ಚಿಕ್ಕದಾದರೆ ಹಲ್ಲು ಕಚ್ಚಿ ಹಾಕಿಕೊಳ್ಳುವುದು ಜನರ ಪಾಡು. ಖೋಸಿಯತ್ ಮಾತ್ರ ಬೇಕಾದ ನಂಬರನ್ನು ಬೇಕಾದವರಿಗೆ ಒಳಗಿನಿಂದ ತೆಗೆದುಕೊಡಬಲ್ಲವಳಾಗಿದ್ದಳು. ಅವಳ ಕೈಗೆ ಮಸ್ತೂರಾಳ ತಾಯಿ, ಮಗಳ ಪಾದದ ಅಳತೆಗೆ ಗಂಟು ಹಾಕಿದ ಉದ್ದನೆಯ ಕೆಂಪು ದಾರ ಕೊಟ್ಟಿದ್ದಳು. ಮದುಮಗಳ ಜೋಡು ಗಂಡಿನ ಮನೆಯಿಂದ ಬರಬೇಕಲ್ಲ. ದಾರ ಹೇಳಿದ್ದು ಮೂವತ್ತೊಂಬತ್ತು. ಬಂದದ್ದು ಮೂವತ್ತಾರು. ಬಿಳೀ ಬಣ್ಣದ, ಫಳಫಳ ಹೊಳೆಯುವ, ಮೂತಿ ಚೂಪಾದ ಹೀಲ್ಸ್. ಡಬ್ಬಿಯನ್ನು ಕಟ್ಟಿದ್ದು ಅದೇ ಕೆಂಪು ದಾರದಿಂದ.

ಇದು ಕೈತಪ್ಪಲ್ಲ ಎಂದು ಆ ದಾರ ನೋಡಿದ ಕೂಡಲೇ ಮಸ್ತೂರಾಗೆ ತಿಳಿಯಿತು. ಖೋಸಿಯತ್ ತನ್ನ ತಮ್ಮ ಎರ್ಗಾಶ್‌ಗೆ, ಅಂದರೆ ಮಸ್ತೂರಾಳ ಗಂಡನಿಗೆ, ಮೊದಲು ತನ್ನ ಅಂಗಡಿಯ ಗೆಳತಿಯನ್ನು ಗೊತ್ತುಮಾಡಿದ್ದಳು. ಎರ್ಗಾಶ್ ಹುಟ್ಟಿದಂದಿನಿಂದ ಅಕ್ಕ ಹಾಕಿದ ಗೆರೆ ದಾಟಿದವನಲ್ಲ. ದಾಟಿದ್ದು ಒಂದೇ ಸಲ, ರೇಷ್ಮೆ ಕಾರ್ಖಾನೆಯ ಮಸ್ತೂರಾಳನ್ನೇ ಕಟ್ಟಿಕೊಳ್ಳುತ್ತೇನೆಂದು ಹಟ ಹಿಡಿದಾಗ. ಆ ಒಂದು ಸಲದ ದಂಡವನ್ನು ಅಕ್ಕ ಹೆಂಡತಿಯ ಕಾಲಿನಿಂದ ವಸೂಲು ಮಾಡಿದಳು.

ಮದುವೆಯ ದಿನ ಗಂಡು ಹೆಣ್ಣು ಒಬ್ಬರ ಕಾಲನ್ನು ಒಬ್ಬರು ಮೊದಲು ತುಳಿಯುವ ಪಂದ್ಯವಿರುತ್ತದೆ; ಮೊದಲು ತುಳಿದವರ ಮಾತು ಮನೆಯಲ್ಲಿ ನಡೆಯುತ್ತದಂತೆ. ಮಸ್ತೂರಾ ಕಾಲು ಎತ್ತುವ ಸ್ಥಿತಿಯಲ್ಲಿರಲಿಲ್ಲ. ಎರ್ಗಾಶ್ ಮೆಲ್ಲಗೆ ತುಳಿದದ್ದಕ್ಕೇ ಅವಳು ಹೋ ಎಂದು ಕಿರುಚಿದಳು. ನೆರೆದವರೆಲ್ಲ ಹೊಟ್ಟೆ ಹಿಡಿದು ನಕ್ಕರು. ಮಾರನೆ ಬೆಳಿಗ್ಗೆ ಸಲಾಮು. ಹಾಡುವವಳು ಗುಲ್ಸುಮ್ ಒಬ್ಬೊಬ್ಬ ನೆಂಟರ ಹೆಸರು ಹಿಡಿದು ಹಾಡುವುದು, ಮುಸುಕಿನೊಳಗಿನ ಸೊಸೆ ಒಂದೊಂದು ಹೆಸರಿಗೂ ಸೊಂಟ ಬಗ್ಗಿಸುವುದು. ಮಸ್ತೂರಾಳ ಬೆರಳುಗಳು ಒಂದರ ಮೇಲೊಂದು ಹತ್ತಿಕೊಂಡು ಸುಡುತ್ತಿದ್ದವು. ಹಾಡು ಮುಗಿಯಿತು ಎನ್ನುವಷ್ಟರಲ್ಲಿ ಖೋಸಿಯತ್ ಗುಲ್ಸುಮ್ಮಳ ಕಿವಿಗೆ ಬಾಯಿಟ್ಟು ಇನ್ನೊಂದು ಹೆಸರು ಹೇಳುತ್ತಿದ್ದಳು. ಆಮೇಲೆ ಇನ್ನೊಂದು.

"ಅತ್ತಿಗೆ, ಕಾಲು ತಡೀತಿಲ್ಲ," ಎಂದು ಮಸ್ತೂರಾ ಮುಸುಕಿನೊಳಗಿಂದ ಪಿಸುಗುಟ್ಟಿದ್ದಳು.

"ಸೊಸೆ ಕಾಲಿಗೆ ಬಾಯಿಲ್ಲ ಕಣೇ. ಬಗ್ಗು."

ಆ ಮಾತು ಅವಳ ಕಿವಿಯಿಂದ ಹೊಟ್ಟೆಗಿಳಿದು ಅಲ್ಲೇ ಬೇರುಬಿಟ್ಟಿತು. ಮದುವೆಯಾದ ನಲವತ್ತು ದಿನ, ಸಲಾಮಿಗೆ ಬಂದವರಿಗೆಲ್ಲ ಅದೇ ಜೋಡು ಹಾಕಿಕೊಂಡೇ ಬಗ್ಗಬೇಕಾಯಿತು. ಆಮೇಲೆ ಕಾರ್ಖಾನೆಯಲ್ಲಿ ದಿನವಿಡೀ ಮಗ್ಗದ ಮುಂದೆ ನಿಲ್ಲಬೇಕಾಯಿತು. ಗಂಟು ಬೆಳೆಯಿತು. ಅವಳು ಅಯೋಡಿನ್ನಿನಲ್ಲಿ ಬಲೆ ಬಲೆಯಾಗಿ ಗೆರೆ ಎಳೆದುಕೊಂಡಳು, ಎಲೆಕೋಸಿನ ಎಲೆ ಕಟ್ಟಿದಳು, ಕುರಿಬಾಲದ ಕೊಬ್ಬು ಹಚ್ಚಿದಳು, ಬೆರಳ ಸಂದಿಗೆ ಹತ್ತಿಯುಂಡೆ ಸಿಕ್ಕಿಸಿಕೊಂಡಳು. ಕೊನೆಗೆ ಜೋಡು ಕೊಂಡ ದಿನವೇ ಪಕ್ಕಕ್ಕೆ ಚಾಕು ಹಾಕಿ ತೂತು ಕೊರೆಯುವುದು ಅಭ್ಯಾಸವಾಯಿತು. ಆ ತೂತಿನಿಂದ ಹೊರಗೆ ಇಣುಕುವ ಗಂಟನ್ನು ನೋಡಿ ಖೋಸಿಯತ್, "ನಮ್ಮ ಮಸ್ತೂರಾ ಕಾಲಿಗೆ ಕಿಟಕಿ ಇಡ್ಸಿದಾಳೆ, ಗಾಳಿ ಬರ್ಲಿ ಅಂತ" ಎಂದು ತುಂಬಿದ ಕೋಣೆಯಲ್ಲಿ ಹೇಳಿ ನಗಿಸಿದ್ದಳು.

ನಗಿಸಲಿ. ಮಸ್ತೂರಾಳಿಗೂ ಒಂದು ಗುಟ್ಟು ಗೊತ್ತಿತ್ತು.

ನೆಂಟರು ಬಂದಾಗ ಹೊಸಿಲಿನ ಹತ್ತಿರ ಬಿಟ್ಟ ಜೋಡುಗಳನ್ನೆಲ್ಲ ಮೂತಿ ಹೊರಗೆ ಮಾಡಿ ಸಾಲಾಗಿ ಇಡುವುದು ಸೊಸೆಯ ಕೆಲಸ. ಹೊರಡುವವರು ಸುಮ್ಮನೆ ಕಾಲು ತೂರಿಸಿದರಾಯಿತು. ತಲೆ ನರೆತರೂ ಆ ಕುಟುಂಬದಲ್ಲಿ ಮಸ್ತೂರಾಳೇ ಕಿರಿಯ ಸೊಸೆ, ಹಾಗಾಗಿ ಎಲ್ಲರ ಜೋಡೂ ಅವಳ ಕೈಯಿಂದಲೇ ಹಾದುಹೋಗುತ್ತಿತ್ತು. ಖೋಸಿಯತ್ ಈಚೀಚೆಗೆ ಮೆತ್ತನೆ ತೊಗಲಿನ ಕಾಲ್ಚೀಲ, ಅದರ ಮೇಲೆ ಮುದುಕಿಯರು ಹಾಕುವ ರಬ್ಬರಿನ ಮೇಲ್ಜೋಡು ಹಾಕಿಕೊಂಡು ಬರುತ್ತಿದ್ದಳು. ಕೂತರೆ ಕಾಲನ್ನು ಅಂಗಿಯಡಿ ಮಡಚಿಬಿಡುತ್ತಿದ್ದಳು. ಒಂದು ದಿನ ಆ ಮೇಲ್ಜೋಡನ್ನು ತಿರುಗಿಸಿಡುವಾಗ ಮಸ್ತೂರಾ ಅಟ್ಟೆ ನೋಡಿದಳು. ನಂಬರ್ ಇರಬೇಕಾದ ಜಾಗವನ್ನು ಚಾಕುವಿನಿಂದ ಕೆರೆದು ಹಾಕಲಾಗಿತ್ತು. ಮಸ್ತೂರಾ ತನ್ನ ಮೂವತ್ತೊಂಬತ್ತನ್ನು ಅದರ ಪಕ್ಕ ಇಟ್ಟು ನೋಡಿದಳು. ಅತ್ತಿಗೆಯದೇ ಉದ್ದ. ರಬ್ಬರು ಹೆಬ್ಬೆರಳ ಬುಡದಲ್ಲಿ ಇವಳದಕ್ಕಿಂತ ಹೆಚ್ಚಾಗಿ ಉಬ್ಬಿತ್ತು.

ಜೀವನವಿಡೀ ಮೂವತ್ತಾರರ ಜಂಬಕ್ಕೆ ತನ್ನ ಕಾಲನ್ನೂ ಒತ್ತಿ ಒತ್ತಿ ಕೆಡಿಸಿಕೊಂಡಿದ್ದಳು ಆ ಹೆಂಗಸು. ಬೇರೆ ಯಾರಾದರೂ ಆಗಿದ್ದರೆ ಪಾಪ ಅನ್ನುತ್ತಿದ್ದರೇನೋ. ಮಸ್ತೂರಾಗೆ ಅನಿಸಿದ್ದು ಬರೀ ಸಂತೋಷ. ಅವಳು ಅದನ್ನು ಯಾರಿಗೂ ಹೇಳಲಿಲ್ಲ. ಚಳಿಗಾಲಕ್ಕೆಂದು ಒಣದ್ರಾಕ್ಷಿ ಎತ್ತಿಡುವ ಹಾಗೆ ಎತ್ತಿಟ್ಟಳು.

ಅವಳ ಕಾಲಿಗೆ ನೆಮ್ಮದಿ ಸಿಕ್ಕಿದ್ದು ಹೋದ ವರ್ಷ, ಹಳೇ ಬಜಾರಿನಲ್ಲಿ ರೊಟ್ಟಿಯವರ ಸಾಲಿನ ಎದುರಿಗೆ ಜೋಡು ಹೊಲಿಯುವ ಇಸ್ಮತುಲ್ಲಾ ಉಸ್ತಾನಿಂದ. ಕೈಕೆಲಸದಲ್ಲಿ ಪಳಗಿದವನನ್ನು ಅಲ್ಲಿ ಗೌರವದಿಂದ ಉಸ್ತಾ ಎನ್ನುತ್ತಾರೆ. ಉಸ್ತಾ ಅವಳ ಪಾದವನ್ನು ಕಾಗದದ ಮೇಲೆ ಎರಡು ಸಲ ಬರೆದುಕೊಂಡ, ಕೂರಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ. ಮೈಭಾರ ಬಿದ್ದಾಗ ಪಾದ ಹರಡುತ್ತದಲ್ಲ. ಮರದ ಅಚ್ಚಿಗೆ, ಗಂಟು ಇರುವ ಜಾಗದಲ್ಲಿ ತೊಗಲಿನ ತುಂಡು ಅಂಟಿಸಿ ಉಬ್ಬು ಮಾಡಿದ. ಅದರ ಮೇಲೆ ಹೊಲಿಗೆಯೇ ಬರದಂತೆ ಮೆತ್ತನೆ ಚರ್ಮ ಎಳೆದ. ಆ ಜೋಡು ಹಾಕಿಕೊಂಡ ದಿನ ಮಸ್ತೂರಾ ಬಸ್ಸು ಹತ್ತದೆ, ಸುತ್ತು ದಾರಿ ಹಿಡಿದು ಮನೆಗೆ ನಡೆದಳು. ನಡುವೆ ಒಂದು ಹಿಪ್ಪುನೇರಳೆ ಮರದಡಿ ನಿಂತು ಅತ್ತಳು. ಇಷ್ಟು ಸುಲಭವಾಗಿ ಹೋಗುವ ನೋವನ್ನು ಇಷ್ಟು ವರ್ಷ ಹೊತ್ತೆನಲ್ಲ ಎಂಬ ಸಿಟ್ಟಿನಲ್ಲಿ ಅತ್ತಳು.

ಉಸ್ತಾ ಗಿರಾಕಿಗಳ ಅಚ್ಚುಗಳ ಮೇಲೆ ಹೆಸರು ಬರೆದು ಅಂಗಡಿಯ ಮುಂಗೋಡೆಗೆ ನೇತುಹಾಕುತ್ತಿದ್ದ. ಬಜಾರಿಗೆ ಬಂದವರೆಲ್ಲ ಅದನ್ನು ಓದಿಕೊಂಡೇ ಹೋಗುತ್ತಿದ್ದರು. ಗಂಟು ಹೊತ್ತ ತನ್ನ ಮರದ ಕಾಲು ಅಲ್ಲಿ ತೂಗಾಡುವುದನ್ನು ಕಂಡು ಮೊದಮೊದಲು ಮಸ್ತೂರಾ ನಾಚಿಕೆಯಿಂದ ಕುಗ್ಗಿದ್ದಳು. ಆಮೇಲೆ ಅಭ್ಯಾಸವಾಯಿತು.

ಈಗ ಮಗ ಜಾಸುರ್‌ನ ಮದುವೆ. ಹಾಲಿದಾ ಅಂದು ಮಗಳು ಮಫ್ತೂನಾಳ ಪಾದದ ಅಳತೆಯ ದಾರವನ್ನೂ ತಂದಿದ್ದಳು. ಹಸಿರು ದಾರ. ಮಸ್ತೂರಾ ಅದನ್ನು ಅಂದೇ ಉಸ್ತಾನ ಕೈಗೆ ಹಾಕಿದಳು. "ಬಿಳೀ ಮೆತ್ತನೆ ಚರ್ಮ, ಅಗಲ ಮೂತಿ, ಮೇಲೆ ಕಸೂತಿ. ಹುಡುಗಿಗೆ ಕಾಲಲ್ಲಿ ಏನೋ ಇದೆ ಅಂತಾನೇ ಗೊತ್ತಾಗ್ಬಾರ್ದು," ಎಂದಳು.

ಸುದ್ದಿ ಪಕ್ಕದ ಓಣಿಗೆ ಹೋಗಲು ಎಷ್ಟು ಹೊತ್ತು? ಮೂರನೆಯ ದಿನ ಖೋಸಿಯತ್ ಬಂದಳು. ಬಂದವಳೇ ತಮ್ಮನ ಪಕ್ಕ ಒರಗುದಿಂಬಿಗೆ ಆನಿಕೊಂಡು ಕೂತು, ಕಾಲು ಮಡಚಿಕೊಂಡಳು.

"ಏನೋ ಎರ್ಗಾಶ್, ನಿನ್ನ ಸೊಸೆ ಬಜಾರ್ ಚಮ್ಮಾರ ಹೊಲಿದ ಜೋಡು ಹಾಕ್ಕೊಂಡು ಸಲಾಮಿಗೆ ನಿಲ್ತಾಳಂತೆ? ನಾಲ್ಕು ಜನ ಮುಖಕ್ಕೆ ಉಗೀತಾರೆ."

ಎರ್ಗಾಶ್ ಹೆಂಡತಿಯ ಮುಖ ನೋಡಿದ, ಅಕ್ಕನ ಮುಖ ನೋಡಿದ, ಚಹಾದ ಬಟ್ಟಲಿನ ಮುಖ ನೋಡಿದ. "ಅಕ್ಕ ಹೇಳೋದೂ ಸರಿ ಇದೆ ಕಣೇ," ಎಂದ.

"ನಾನು ಸುಮ್ನೆ ಮಾತಾಡೋಕೆ ಬಂದಿಲ್ಲ, ತಂದೇ ಇದೀನಿ," ಎಂದು ಖೋಸಿಯತ್ ಚೀಲದಿಂದ ಒಂದು ಡಬ್ಬಿ ತೆಗೆದಳು. ಮುಚ್ಚಳ ಎತ್ತಿದಳು. ಬಿಳೀ ಬಣ್ಣ, ಹೊಳಪು, ಚೂಪು ಮೂತಿ, ಎತ್ತರದ ಹಿಮ್ಮಡಿ. ಒಳಗೆ ಬಂಗಾರದ ಅಕ್ಷರದಲ್ಲಿ ಮೂವತ್ತಾರು.

"ಹುಡುಗಿ ಕಾಲು ಮೂವತ್ತೆಂಟು, ಅತ್ತಿಗೆ."

"ಒತ್ತಿದ್ರೆ ಹೋಗುತ್ತೆ. ನಿಂಗೆ ಹೋಗ್ಲಿಲ್ವಾ? ಮೊದಲ ದಿನಾನೇ ಸಡಿಲ ಬಿಟ್ರೆ ಸೊಸೆ ತಲೆ ಮೇಲೆ ಕೂರ್ತಾಳೆ. ಈಗಿನ ಹುಡುಗೀರದು ಎಲ್ಲಾ ಎಮ್ಮೆ ಪಾದ. ನೋಡು ಎಷ್ಟು ಚೆನ್ನಾಗಿದೆ! ನನಗೆ ಹಾಕಿದ್ರೆ ಅಚ್ಚು ಹೊಯ್ದ ಹಾಗೆ ಕೂರುತ್ತೆ ಇದು. ವಯಸ್ಸಾಯ್ತು ಅಂತ ಸುಮ್ನಿದೀನಿ ಅಷ್ಟೆ."

ಮಸ್ತೂರಾ ಏನೋ ಹೇಳಲು ಬಾಯಿ ತೆರೆದಳು. ನೆತ್ತಿಗೇರಿದ್ದ ಸಿಟ್ಟು ಆ ಕೊನೆಯ ಮಾತು ಕೇಳಿ ಗಕ್ಕನೆ ನಿಂತಿತು. ಅವಳು ಬಾಯಿ ಮುಚ್ಚಿ, ಎರಡೂ ಕೈಯಿಂದ ಡಬ್ಬಿ ತೆಗೆದುಕೊಂಡು ಎದೆಗೆ ಒತ್ತಿ ಬಗ್ಗಿದಳು.

"ನಿಮ್ಮ ಆಯ್ಕೆ ಅಂದ್ಮೇಲೆ ಕೇಳ್ಬೇಕಾ ಅತ್ತಿಗೆ? ಆಗ್ಲಿ."

ಎರ್ಗಾಶ್ ಉಸಿರು ಬಿಟ್ಟ. ಹೆಂಡತಿಗೆ ಕೊನೆಗೂ ಬುದ್ಧಿ ಬಂತೆಂದು ಎಣಿಸಿ ಇನ್ನೊಂದು ಸಮೋಸ ಬಾಯಿಗಿಟ್ಟುಕೊಂಡ.

ಅಂದು ಮಧ್ಯಾಹ್ನವೇ ಮಸ್ತೂರಾ ಡಬ್ಬಿ ಹಿಡಿದು ಹಾಲಿದಾಳ ಮನೆಗೆ ಹೋದಳು. "ಬೀಗ್ರೇ, ನೀವು ಹಿರೇರಿಗೆ ಜೋಡು ಹುಡುಕ್ಕೊಂಡು ಅಲೀಬೇಡಿ. ಅವರಿಗೆ ತುಂಬ ಹಿಡಿಸಿರೋ ಜೊತೆ ಇದು, ನಂಬರೂ ಅವರು ಹೇಳೋದೇ. ಇದನ್ನೇ ತೊಡಿಸ್ಬಿಡಿ." ಹಾಲಿದಾ ಹಿಮ್ಮಡಿಯ ಎತ್ತರ ನೋಡಿ ಹುಬ್ಬು ಹಾರಿಸಿದಳು, ಆದರೆ ಬೀಗರ ಮನೆಯ ರುಚಿಯನ್ನು ಪ್ರಶ್ನಿಸುವಷ್ಟು ಅವಿವೇಕಿ ಅಲ್ಲ ಅವಳು. ಡಬ್ಬಿಯನ್ನು ಮಸ್ತೂರಾ ತಾನೇ ಕಟ್ಟಿಕೊಟ್ಟಳು. ಕಟ್ಟಿದ್ದು ಪೆಟ್ಟಿಗೆಯ ತಳದಲ್ಲಿ ಇಷ್ಟು ವರ್ಷ ಇಟ್ಟುಕೊಂಡಿದ್ದ ಕೆಂಪು ದಾರದಿಂದ.

ಮದುವೆ ಚೆನ್ನಾಗಿಯೇ ಆಯಿತು. ಕಾಲು ತುಳಿಯುವ ಪಂದ್ಯದಲ್ಲಿ ಮಫ್ತೂನಾ ಕಣ್ಣು ಮಿಟುಕಿಸುವುದರೊಳಗೆ ಜಾಸುರ್‌ನ ಕಾಲು ತುಳಿದುಬಿಟ್ಟಳು. ಉಸ್ತಾನ ಜೋಡಿನಲ್ಲಿ ಅವಳ ಕಾಲು ಕುರಿಮರಿಯ ಹಾಗೆ ಹಾರುತ್ತಿತ್ತು. ಅದನ್ನು ನೋಡಿದ ಖೋಸಿಯತ್ ಹತ್ತಿರ ಬಂದು, "ನಾನು ಕೊಟ್ಟದ್ದೆಲ್ಲಿ?" ಎಂದು ಹಲ್ಲುಕಚ್ಚಿ ಕೇಳಿದಳು. "ನಾಳೆ ಸಲಾಮಿಗೆ ಇಟ್ಟಿದೀನಿ ಅತ್ತಿಗೆ. ಅಷ್ಟು ಒಳ್ಳೇದನ್ನ ಧೂಳಿಗೆ ಇಳಿಸೋದು ಬೇಡ ಅಂತ," ಎಂದಳು ಮಸ್ತೂರಾ. ಖೋಸಿಯತ್‌ಗೆ ಸಮಾಧಾನವಾಯಿತು.

ಬೆಳಿಗ್ಗೆ ಅಂಗಳದ ತುಂಬ ಹೆಂಗಸರು. ದ್ರಾಕ್ಷಿ ಚಪ್ಪರದಡಿ ಮುಸುಕು ಹಾಕಿದ ಮಫ್ತೂನಾ, ಎದುರಿಗೆ ಹಿರಿಯಳ ಜಾಗದಲ್ಲಿ ಖೋಸಿಯತ್. ಹಾಲಿದಾ ಅವಳ ತಲೆಗೆ ರುಮಾಲು ಹೊದಿಸಿದಳು, ಹೆಗಲಿಗೆ ರೇಷ್ಮೆ ನಿಲುವಂಗಿ ಏರಿಸಿದಳು. ಪ್ರತಿಯೊಂದಕ್ಕೂ ಹೆಂಗಸರು ಮಾಶಾಲ್ಲಾ ಎಂದರು. ಖೋಸಿಯತ್‌ಳ ಗಲ್ಲ ಮೇಲೇರುತ್ತಲೇ ಇತ್ತು. ಆಮೇಲೆ ಡಬ್ಬಿ ಬಂತು.

ಅವಳು ದಾರ ಬಿಚ್ಚಿ ಮುಚ್ಚಳ ತೆರೆದಳು. ಬಿಳೀ ಹೊಳಪಿನ ಆ ಚೂಪು ಮೂತಿ ಕಂಡೊಡನೆ ಮುಖದ ನಗು ಹಾಗೇ ಅಂಟಿಕೊಂಡು ಉಳಿಯಿತು, ಕಣ್ಣು ಮಾತ್ರ ಮಸ್ತೂರಾಳನ್ನು ಹುಡುಕಿತು. ಮಸ್ತೂರಾ ಗುಲ್ಸುಮ್ಮಳ ಬೆನ್ನ ಹಿಂದೆ, ಅಂದು ಖೋಸಿಯತ್ ನಿಂತಿದ್ದ ಜಾಗದಲ್ಲೇ, ಕೈ ಕಟ್ಟಿ ನಿಂತಿದ್ದಳು.

"ಸರಿಯಾದ ನಂಬರೇ ತಾನೆ?" ಹಾಲಿದಾ ಗಾಬರಿಯಿಂದ ಕೇಳಿದಳು. "ಮೂವತ್ತಾರು ಅಂತ ಇದೆ."

ಅಂಗಳದಲ್ಲಿದ್ದ ಒಬ್ಬೊಬ್ಬ ಹೆಂಗಸೂ ಆ ಮೂವತ್ತಾರರ ಕಥೆಯನ್ನು ಕೇಳಿ ಕೇಳಿ ಬೇಸತ್ತವಳು. ಎಲ್ಲರೂ ಕತ್ತು ಮುಂದೆ ಚಾಚಿದರು. ಖೋಸಿಯತ್‌ಗೆ ಎರಡೇ ದಾರಿ: ನನ್ನ ಕಾಲಿಗೆ ಹೋಗುವುದಿಲ್ಲ ಎಂದು ಒಪ್ಪಿಕೊಳ್ಳುವುದು, ಇಲ್ಲವೇ ತೊಡುವುದು.

"ನನ್ನದೇ ನಂಬರು," ಎಂದಳು ಖೋಸಿಯತ್.

ಕಾಲು ತೂರಿಸಲು ಇಬ್ಬರು ಹಿಡಿದುಕೊಳ್ಳಬೇಕಾಯಿತು. ನಿಲುವಂಗಿಯ ಅಂಚು ಇಳಿಬಿಟ್ಟು ಯಾರಿಗೂ ಏನೂ ಕಾಣದಂತೆ ಮಾಡಿದಳು. ಹಿಮ್ಮಡಿ ಒಳಗೆ ಹೋಯಿತೋ ಹೊರಗೇ ಉಳಿಯಿತೋ ಅವಳಿಗೇ ಗೊತ್ತು. ಎದ್ದು ನಿಂತಾಗ ತುಟಿ ಬೆಳ್ಳಗಾಗಿತ್ತು.

ಗುಲ್ಸುಮ್ ಹಾಡತೊಡಗಿದಳು. ಈಗ ಅವಳಿಗೂ ವಯಸ್ಸಾಗಿತ್ತು, ದನಿ ಮಾತ್ರ ಹಾಗೇ ಖಣಖಣಿಸುತ್ತಿತ್ತು. ಅಜ್ಜನಿಗೆ ಸೊಸೆಯ ಸಲಾಮು, ಅಜ್ಜಿಗೆ ಸೊಸೆಯ ಸಲಾಮು, ಮಾವನಿಗೆ, ಅತ್ತೆಗೆ, ಎದುರಿಗೆ ನಿಂತ ಹಿರಿಯಳಿಗೆ ಸೊಸೆಯ ಸಲಾಮು. ಮಫ್ತೂನಾ ಬಳ್ಳಿಯ ಹಾಗೆ ಬಗ್ಗಿ ಏಳುತ್ತಿದ್ದಳು. ಹೆಸರುಗಳು ಮುಗಿದು ಗುಲ್ಸುಮ್ ಉಸಿರೆಳೆದುಕೊಂಡಾಗ, ಮಸ್ತೂರಾ ಅವಳ ಕಿವಿಯ ಹತ್ತಿರ ಬಾಗಿದಳು.

"ಕೋಕಂದದ ದೊಡ್ಡಪ್ಪನ್ನ ಬಿಟ್ಬಿಟ್ಟೆ."

ಗುಲ್ಸುಮ್ ಹಾಡಿದಳು.

"ದೊಡ್ಡಪ್ಪನ ಐದು ಜನ ಗಂಡುಮಕ್ಕಳು. ಬೇರೆ ಬೇರೆಯಾಗಿ ಹಾಡು."

ಗುಲ್ಸುಮ್ ಓರೆಗಣ್ಣಿನಲ್ಲಿ ಇವಳ ಮುಖ ನೋಡಿದಳು. ಆಮೇಲೆ ಎದುರಿಗೆ ನಿಂತಿದ್ದ ಖೋಸಿಯತ್‌ಳ ಮುಖ ನೋಡಿದಳು. ಅಂದು ಈ ಕಿವಿಯಲ್ಲೇ ಯಾರು ಹೆಸರು ಪಿಸುಗುಟ್ಟಿದ್ದರೆಂಬುದು ಅವಳಿಗೂ ಮರೆತಿರಲಿಲ್ಲ. "ಅಯ್ಯೋ ಮಸ್ತೂರಾ, ನೀನು ಬಹಳ ಕೆಟ್ಟವಳು ಕಣೇ," ಎಂದು ಬಾಯಿ ಮುಚ್ಚಿ ನಕ್ಕು, ಮುಂದಿನ ಹೆಸರಿಗೆ ಇವಳು ಹೇಳುವ ಮೊದಲೇ ರಾಗ ಎತ್ತಿದಳು. ಐದು ಗಂಡುಮಕ್ಕಳಾದರು, ಅವರ ಹೆಂಡಿರಾದರು, ಅಂದಿಜಾನಿನ ಸೋದರತ್ತೆಯಾದಳು, ಸೈನ್ಯಕ್ಕೆ ಹೋಗಿ ಬಾರದಿದ್ದ ಮುತ್ತಜ್ಜನ ತಮ್ಮನಾದ. ಬಾವಿ ತೋಡಿದವನಿಗೆ ಸಲಾಮು. ಒಲೆ ಕಟ್ಟಿದವನಿಗೆ ಸಲಾಮು. ಕೊಟ್ಟಿಗೆಯ ಹಸುವಿಗೂ ಸಲಾಮು ಎಂದಾಗ ಹೆಂಗಸರು ಕೇಕೆ ಹಾಕಿ ಚಪ್ಪಾಳೆ ತಟ್ಟಿದರು. ಇಂಥ ಸಲಾಮು ಈ ಮೊಹಲ್ಲಾದಲ್ಲಿ ನಡೆದೇ ಇಲ್ಲ ಎಂದರು.

"ಅತ್ತೆ," ಎಂದು ಮುಸುಕಿನೊಳಗಿಂದ ಮಫ್ತೂನಾ ಪಿಸುಗುಟ್ಟಿದಳು, "ನಂಗೇನೂ ಆಯಾಸ ಇಲ್ಲ. ಇನ್ನೂ ಹಾಡ್ಸಿ ಬೇಕಾದ್ರೆ."

ಖೋಸಿಯತ್‌ಳ ಹಣೆಯಿಂದ ಬೆವರು ಇಳಿದು ಹೊಸ ರುಮಾಲಿನ ಅಂಚು ಒದ್ದೆಯಾಗಿತ್ತು. ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದಳು. ಆ ಬದಲಿಸುವಿಕೆಯನ್ನು ಮಸ್ತೂರಾ ಚೆನ್ನಾಗಿ ಬಲ್ಲಳು. ಎಡಗಾಲು ಸುಟ್ಟಾಗ ಬಲಗಾಲಿಗೆ, ಬಲಗಾಲು ಸುಟ್ಟಾಗ ಮತ್ತೆ ಎಡಗಾಲಿಗೆ. ಅವಳು ಮೆಲ್ಲಗೆ ಅತ್ತಿಗೆಯ ಪಕ್ಕಕ್ಕೆ ಬಂದು, ಪ್ರೀತಿಯಿಂದೆಂಬಂತೆ ನಿಲುವಂಗಿಯ ಕೊರಳು ಸರಿಮಾಡಿದಳು.

"ಸಾಕು ಮಾಡ್ಸು," ಖೋಸಿಯತ್‌ಳ ತುಟಿ ಮಾತ್ರ ಅಲುಗಿತು. "ಮಸ್ತೂರಾ, ನನ್ನ ಕಾಲು..."

"ಹಿರೇರ ಕಾಲಿಗೆ ಬಾಯಿರುತ್ತಾ ಅತ್ತಿಗೆ? ನಿಂತ್ಕೊಳ್ಳಿ."

ಖೋಸಿಯತ್ ಕಣ್ಣೆತ್ತಿ ಅವಳನ್ನೇ ನೋಡಿದಳು. ಮರೆತಿದ್ದಾಳೇನೋ ಎಂದು ಮಸ್ತೂರಾ ಒಳಗೊಳಗೇ ಹೆದರಿದ್ದಳು. ಮರೆತವಳ ಮೇಲೆ ಮುಯ್ಯಿ ತೀರಿಸಿ ಏನು ಸುಖ? ಮರೆತಿರಲಿಲ್ಲ. ಆ ಕಣ್ಣಿನಲ್ಲಿ ಎಲ್ಲವೂ ನೆನಪಿತ್ತು. ಮಸ್ತೂರಾ ತೃಪ್ತಿಯಿಂದ ಹಿಂದಕ್ಕೆ ಹೋಗಿ ಗುಲ್ಸುಮ್ಮಳ ಕಿವಿಗೆ ಇನ್ನಷ್ಟು ಹೆಸರು ಹೇಳಿದಳು.

ಕೊನೆಗೂ ಸಲಾಮು ಮುಗಿದಾಗ ಖೋಸಿಯತ್ ಚಪ್ಪರದಡಿಯ ಮಂಚದ ಅಂಚಿಗೆ ಕುಸಿದಳು. ಜೋಡು ಬಿಚ್ಚದೆ ಮಂಚ ಏರುವಂತಿಲ್ಲ. ಕಾಲು ಊದಿ ಜೋಡು ಕಚ್ಚಿಕೊಂಡಿತ್ತು, ಎಷ್ಟು ಎಳೆದರೂ ಬರಲಿಲ್ಲ. ಮಸ್ತೂರಾ ಎಲ್ಲರೆದುರು ಮಂಡಿಯೂರಿ, ಒಳ್ಳೆಯ ಸೊಸೆಯಾಗಿ, ಅವಳ ಒಂದೊಂದೇ ಕಾಲನ್ನು ಮಡಿಲಲ್ಲಿಟ್ಟುಕೊಂಡು ಜೋಡು ಎಳೆದು ತೆಗೆದಳು. ಬಿಡುಗಡೆಯಾದ ಪಾದ ಬೆಳಕಿಗೆ ಬಂತು. ಅಗಲ, ಉದ್ದ, ಹೆಬ್ಬೆರಳ ಬುಡದಲ್ಲಿ ಅಕ್ರೋಟಿನ ಗಾತ್ರದ ಕೆಂಪು ಗಂಟು.

"ಅಯ್ಯೋ, ಮೂವತ್ತಾರು ಅಂದಿದ್ರಲ್ಲ!" ಎಂದು ಹಾಲಿದಾ ಕೆನ್ನೆ ಹಿಡಿದುಕೊಂಡಳು.

"ಅವರೇ ತಾನೆ ಈಗಲೂ ಅಂದಿದ್ದು, ಬೀಗ್ರೇ," ಎಂದಳು ಮಸ್ತೂರಾ.

ಯಾರೋ ಹಿಂದಿನಿಂದ ಕಿಸಕ್ಕೆಂದರು. ಆ ನಗು ಒಬ್ಬಳಿಂದ ಇನ್ನೊಬ್ಬಳಿಗೆ ಹತ್ತಿ, ಪಲಾವಿನ ಕಡಾಯಿಯವರೆಗೂ ಹೋಯಿತು.

ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದಳು ಮಸ್ತೂರಾ. ಆದರೆ ಏಪ್ರಿಕಾಟ್ ಹಣ್ಣಾಗುವ ಹೊತ್ತಿಗೆ ಖೋಸಿಯತ್ ಮನೆ ಬಾಗಿಲಿಗೆ ಬಂದಳು. ಮೇಲ್ಜೋಡನ್ನೂ ಹಾಕಲಾಗದೆ, ಗಂಡಸರ ಹಳೆಯ ಚಪ್ಪಲಿಯಲ್ಲಿ ಕಾಲೆಳೆದುಕೊಂಡು ಬಂದಿದ್ದಳು. ಸಲಾಮಿನ ದಿನದಿಂದ ಒಂದು ರಾತ್ರಿಯೂ ಗಂಟು ನಿದ್ದೆಗೆ ಬಿಟ್ಟಿರಲಿಲ್ಲವಂತೆ. ಮಸ್ತೂರಾ ಚಹಾ ಬಗ್ಗಿಸಿದಳು, ರೊಟ್ಟಿ ಮುರಿದಳು, ಹವೆಯ ಮಾತಾಡಿದಳು. ಅವಳಾಗಿ ಕೇಳದೆ ಉಸ್ತಾನ ವಿಳಾಸ ಕೊಡಬಾರದೆಂದು ನಿಶ್ಚಯಿಸಿದ್ದಳು.

"ನಿನ್ನ ಜೋಡು ಹೊಲಿದೋನು..." ಖೋಸಿಯತ್ ಕೊನೆಗೆ ಬಟ್ಟಲಿನೊಳಗೆ ನೋಡುತ್ತ ಅಂದಳು. "ಆ ಬಜಾರ್ ಚಮ್ಮಾರ."

"ಉಸ್ತಾ."

"ಹೂಂ. ಉಸ್ತಾ. ಎಲ್ಲಿರೋದು ಅವನು?"

ಮಸ್ತೂರಾ ತಾನೇ ಕರೆದುಕೊಂಡು ಹೋದಳು. ಉಸ್ತಾ ಕೂರಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಪಾದ ಬರೆದುಕೊಂಡ. "ನಲವತ್ತು," ಎಂದ. ಖೋಸಿಯತ್, "ಮೆಲ್ಲಗೆ ಹೇಳೋ ಮಹರಾಯ," ಎಂದು ಬೀದಿಯತ್ತ ನೋಡಿದಳು.

ಹೊಸ ಜೋಡು ತೊಡಲು ಹೋದ ದಿನ ಬಜಾರು ಕಿಕ್ಕಿರಿದಿತ್ತು. ಖೋಸಿಯತ್ ಕಾಲು ತೂರಿಸಿ ಎದ್ದು ನಿಂತಳು, ಒಂದು ಹೆಜ್ಜೆ ಇಟ್ಟಳು, ಇನ್ನೊಂದು ಇಟ್ಟಳು. ಅವಳ ಮುಖದ ಗಂಟುಗಳೆಲ್ಲ ಒಂದೊಂದಾಗಿ ಸಡಿಲಾದವು. ಕಣ್ಣು ತುಂಬಿಕೊಂಡವು. ಹಿಪ್ಪುನೇರಳೆ ಮರದಡಿ ನಿಂತು ಅತ್ತದ್ದು ಮಸ್ತೂರಾಗೆ ನೆನಪಾಯಿತು, ಒಂದು ಕ್ಷಣ ಅವಳ ಮನಸ್ಸು ಮೆತ್ತಗಾಯಿತು ಕೂಡ.

ಆಗ ಉಸ್ತಾ ಉಬ್ಬು ಅಂಟಿಸಿದ ಜೋಡಿ ಅಚ್ಚುಗಳನ್ನು ಎತ್ತಿ ಹಿಡಿದು ಕೇಳಿದ: "ಹೆಸರೇನು ಬರೀಲಿ?"

ಖೋಸಿಯತ್ ಮುಂಗೋಡೆಯ ಅಚ್ಚುಗಳನ್ನು ನೋಡಿದಳು, ಎದುರಿನ ರೊಟ್ಟಿಯವರ ಸಾಲನ್ನು ನೋಡಿದಳು. ಆಮೇಲೆ ಮಸ್ತೂರಾಳ ತೋಳು ಹಿಡಿದು ಪಕ್ಕಕ್ಕೆ ಎಳೆದಳು.

"ನಿನ್ನ ಹೆಸರೇ ಬರೆಸ್ಬಿಡೇ. ನಿಂದು ಹೇಗೂ ಅಲ್ಲಿ ನೇತಾಡ್ತಿದೆ. ಇನ್ನೊಂದು ಜೊತೆ ಅಂದ್ಕೋತಾರೆ ಜನ. ನಿಂಗೇನು, ನಿನ್ನ ಕಾಲು ಹೀಗೇ ಅಂತ ಎಲ್ರಿಗೂ ಗೊತ್ತಿರೋದೇ."

ಮೆತ್ತಗಾಗಿದ್ದ ಮನಸ್ಸು ಕಲ್ಲಾಯಿತು. ಮಸ್ತೂರಾಳ ಕಾಲನ್ನು ಕೆಡಿಸಿದ್ದು ಸಾಲದೆ, ಈಗ ಖೋಸಿಯತ್ ತನ್ನ ಕೆಟ್ಟ ಕಾಲನ್ನೂ ಅವಳ ಹೆಸರಿಗೆ ಕಟ್ಟಲು ಹೊರಟಿದ್ದಳು! ಮಸ್ತೂರಾ ಉಸ್ತಾನ ಕೈಯಿಂದ ಅಚ್ಚುಗಳನ್ನು ತೆಗೆದುಕೊಂಡಳು, ಅವನ ಕಿವಿಯ ಮೇಲಿದ್ದ ದಪ್ಪ ಪೆನ್ಸಿಲನ್ನೂ ಎಳೆದುಕೊಂಡಳು. ಒಂದೊಂದು ಅಕ್ಷರವನ್ನೂ ಒತ್ತಿ ಒತ್ತಿ ತಿದ್ದಿ ಬರೆದಳು: ಖೋಸಿಯತ್, ನಲವತ್ತು. ಮಗ್ಗುಲು ತಿರುಗಿಸಿ ಆ ಕಡೆಗೂ ಬರೆದಳು, ಗಾಳಿಗೆ ತಿರುಗಿದರೂ ಓದಲು ಬರಬೇಕಲ್ಲ. ಆಮೇಲೆ ಮೋಟು ಮಣೆ ಹತ್ತಿ, ತನ್ನ ಅಚ್ಚಿನ ಪಕ್ಕದ ಮೊಳೆಗೆ ತಾನೇ ನೇತುಹಾಕಿದಳು. ಎರಡೂ ಜೊತೆ ಬಿಸಿಲಿನಲ್ಲಿ ತೂಗಾಡಿದವು. ಎದುರಿನ ರೊಟ್ಟಿಯವಳು ಹಣೆಗೆ ಕೈ ಅಡ್ಡ ಹಿಡಿದು ಓದಿದಳು, ಪಕ್ಕದವಳನ್ನು ಮೊಣಕೈಯಿಂದ ತಿವಿದಳು.

ಖೋಸಿಯತ್ ಅಲ್ಲಿಂದ ಓಡಿಹೋಗಬಹುದಿತ್ತು. ಓಡಲು ಕಾಲೂ ಈಗ ಚೆನ್ನಾಗಿತ್ತು. ಆದರೆ ಮಸ್ತೂರಾ ಮಣೆಯಿಂದ ಇಳಿದು, ಕೈಯ ಧೂಳು ಒರೆಸಿಕೊಂಡು, ದಾರಿಗೆ ಅಡ್ಡ ನಿಂತು ಕೇಳಿದಳು:

"ಹೇಗಿದೆ ಅತ್ತಿಗೆ ಜೋಡು? ಎಲ್ಲಾದ್ರೂ ಒತ್ತುತ್ತಾ?"

ಖೋಸಿಯತ್ ಗೋಡೆಯ ಮೇಲಿನ ತನ್ನ ಹೆಸರನ್ನು ನೋಡಿದಳು.

"ಇಲ್ಲ," ಎಂದಳು. "ಎಲ್ಲೂ ಒತ್ತಲ್ಲ."